ಮಾಂಬಲದಲ್ಲಿ ಮೂರು ದಿನ

ಮಾಂಬಲವೆಂಬ ಹೆಸರು ‘ಮಹಾಬಿಲ್ವ’ದಿಂದ ಬಂದುದೆಂದು ಹಿರಿಯರು ಹೇಳುವುದುಂಟು. ಪಶ್ಚಿಮ ಮಾಂಬಲದಲ್ಲಿ ಈಗ ಬಿಲ್ವವನವೆಲ್ಲಿ? ಇಕ್ಕಟ್ಟಾದ ಬೀದಿಗಳು, ಆರ್ಯಗೌಡ ರಸ್ತೆಯ ಅಯೋಧ್ಯಾ ಮಂಟಪ, ಕೋದಂಡರಾಮನ ಗುಡಿ.

2015ರ ಡಿಸೆಂಬರ್ 2ರಂದು ನಾವು ಬೆಂಗಳೂರಿಗೆ ಹಿಂದಿರುಗಬೇಕಾಗಿತ್ತು. ಹಿಂದಿನ ದಿನವೇ ಮುಗಿಲು ಹರಿದಂತೆ ಮಳೆ. ಟಿ.ನಗರಕ್ಕೆ ದಾಟುವ ದೊರೈಸಾಮಿ ಸಬ್‌ವೇ ಕೆರೆಯಾಯಿತು. ಅಡ್ಯಾರು ನದಿ ಉಕ್ಕಿತು. ವಿಮಾನ ನಿಲ್ದಾಣ ಮುಚ್ಚಿತು, ರೈಲುಗಳು ನಿಂತವು. ನಾವು ಇಳಿದುಕೊಂಡಿದ್ದ ನಂಟರ ಮನೆಯೊಳಗೆ ಮೊಳಕಾಲುದ್ದ ನೀರು, ವಿದ್ಯುತ್ತಿಲ್ಲ.

ಮಹಡಿಯ ಮೇಲಿನ ತಮಿಳು ಮಾಮಿ, “ವಾಂಗೋ, ವಾಂಗೋ” ಎಂದು ನಮ್ಮೆಲ್ಲರನ್ನೂ ಕರೆದೊಯ್ದರು. ಊರಲ್ಲಿ ಹಾಲು ಲೀಟರಿಗೆ 100 ರೂಪಾಯಿ ಮುಟ್ಟಿತ್ತು. ಆಕೆ ಇದ್ದ ಅರ್ಧ ಲೀಟರನ್ನು ಮೊದಲು ನಮ್ಮ ಮಕ್ಕಳಿಗೇ ಕಾಯಿಸಿಕೊಟ್ಟರು. ಅವರ ಮನೆಯವರಿಗೆ ಅಂದು ಬರಿಯ ಡಿಕಾಕ್ಷನ್ನು!

ಸಂಜೆ ರಾಮನ ಪಟದ ಮುಂದೆ ಒಂದೇ ಹಣತೆ. ಹೊರಗೆ ಮಳೆಯ ಭೋರೆಂಬ ಸದ್ದು. ಕಂಗೆಟ್ಟಿದ್ದ ನಮ್ಮ ತಾಯಿಯವರು ಮೆಲ್ಲಗೆ ಪುರಂದರದಾಸರ ಪದವೊಂದನ್ನು ಎತ್ತಿಕೊಂಡರು. ಎರಡನೆಯ ನುಡಿ ಮರೆತು ತಡವರಿಸುವಾಗ ಮಾಮಿಯೇ ಮುಂದುವರಿಸಿದರು! ಕನ್ನಡ ಓದಲು ಬಾರದ ಆಕೆಯ ಬಳಿ ದಾಸರ ಪದಗಳೆಲ್ಲ ತಮಿಳು ಲಿಪಿಯಲ್ಲಿ ಬರೆದಿಟ್ಟ ಹಳೆಯ ಪುಸ್ತಕವೊಂದಿತ್ತು. ಆ ರಾತ್ರಿ ನಮ್ಮ ತಾಯಿಯವರು ನಿಶ್ಚಿಂತೆಯಿಂದ ನಿದ್ರಿಸಿದರು.

ಮೂರನೆಯ ದಿನ ಕೋಯಂಬೇಡಿನಿಂದ ಬಸ್ಸು ಸಿಕ್ಕಿತು. ದಾರಿಗೆಂದು ಮಾಮಿ ಮೊಸರನ್ನ ಕಟ್ಟಿಕೊಟ್ಟ ಡಬ್ಬಿ ಇಂದಿಗೂ ನಮ್ಮ ಅಡಿಗೆಮನೆಯಲ್ಲಿದೆ.