ಕೊಲೋನ್ ನಗರದ ಮನೆಮಾತಿನ ಹಾಡು

ಕೊಲೋನ್ ಎಂಬ ಹೆಸರು ನಮ್ಮ ಮನೆಗಳಿಗೆ ಹೊಸದಲ್ಲ. ಜ್ವರ ಬಂದವರ ಹಣೆಯ ಮೇಲಿನ ಒದ್ದೆಬಟ್ಟೆಗೆ ನಾಲ್ಕು ತೊಟ್ಟು ಓಡಿಕೊಲೋನ್ ಹಾಕುವ ಪದ್ಧತಿ ನಮ್ಮ ಹಿರಿಯರಲ್ಲಿ ಇದ್ದೇ ಇತ್ತು. ಆ ಸುಗಂಧಜಲಕ್ಕೆ ಹೆಸರು ಕೊಟ್ಟ ಊರು ಜರ್ಮನಿಯಲ್ಲಿ, ರೈನ್ ನದಿಯ ದಡದಲ್ಲಿದೆ.

ರೈಲಿನಿಂದ ಇಳಿದು ನಿಲ್ದಾಣದ ಹೊರಗೆ ಬಂದೊಡನೆಯೇ ಎದುರಿಗೆ ನಿಲ್ಲುವುದು ಅಲ್ಲಿನ ಜಗತ್ಪ್ರಸಿದ್ಧ ಇಗರ್ಜಿ. 1248ರಲ್ಲಿ ಕಟ್ಟಲು ತೊಡಗಿದ ಇದು ಮುಗಿದದ್ದು 1880ರಲ್ಲಿ. ಗೋಪುರಗಳ ಎತ್ತರ 157 ಮೀಟರು. ಎಲ್ಲ ಯಾತ್ರಿಕರಂತೆ ನಾವೂ ಕತ್ತು ನೋಯುವವರೆಗೆ ನೋಡಿದೆವು. ಆದರೆ ನಾವು ಬಂದದ್ದು ಒಂದು ಹಾಡಿನ ಜಾಡು ಹಿಡಿದು. ಆದುದರಿಂದ ಇಗರ್ಜಿಗೆ ಬೆನ್ನು ಮಾಡಿ ದಕ್ಷಿಣಕ್ಕೆ ನಡೆದೆವು. ಮುಕ್ಕಾಲು ಗಂಟೆ ಸಾವಕಾಶವಾಗಿ ನಡೆದರೆ ಸೆವೆರಿನ್ ಬೀದಿ ಮುಗಿದು ಹಳೆಯ ಕೋಟೆಯ ಹೆಬ್ಬಾಗಿಲು ಸಿಗುತ್ತದೆ. ಅದರಾಚೆಗೆ ಕ್ಲೋಡ್ವಿಗ್ ಚೌಕ. ಈ ಭಾಗಕ್ಕೆ ‘ಜ್ಯೂಡ್‌ಷ್ಟಾಟ್’, ಎಂದರೆ ತೆಂಕಣ ಪೇಟೆ, ಎಂದು ಹೆಸರು.

ಊರಿನ ಹಳಬರು ಆಡುವುದು ‘ಕ್ಯೋಲ್ಶ್’ ಎಂಬ ಮಾತು. ಶಾಲೆಯ ಜರ್ಮನ್ನಿನಲ್ಲಿ ‘ಗೂಟ್’ ಎಂದರೆ ಒಳ್ಳೆಯದು. ಇಲ್ಲಿ ಅದು ‘ಯೋಟ್’. ‘ದಾಸ್’ ಎಂಬುದು ‘ದಾಟ್’ ಆಗುತ್ತದೆ. ಇಲ್ಲಿನ ಬಿಯರಿಗೂ ಕ್ಯೋಲ್ಶ್ ಎಂದೇ ಹೆಸರು. ಕುಡಿಯಬಹುದಾದ ಭಾಷೆ ಲೋಕದಲ್ಲಿ ಇದೊಂದೇ ಎಂದು ಊರವರು ನಗೆಯಾಡುತ್ತಾರೆ. ಆದರೆ ಆಫೀಸಿಗೆ, ಶಾಲೆಗೆ, ಪತ್ರಿಕೆಗೆ ಈ ಮಾತು ಸಲ್ಲದು. ಹಾಡಿನಲ್ಲಿ ಅದಕ್ಕೆ ಮೀಸಲಾಗಿದ್ದ ದೊಡ್ಡ ಜಾಗವೆಂದರೆ ಕಾರ್ನಿವಲ್ ಹಬ್ಬದ ಕುಣಿತದ ಹಾಡುಗಳು.

ಈ ಮಾತಿನಲ್ಲಿ ರಾಕ್ ಸಂಗೀತ ಹಾಡಲು ಹೊರಟವರು ‘ಬಾಪ್’ ಮೇಳದವರು. ಮುಂದಾಳು ವೋಲ್ಫ್‌ಗಾಂಗ್ ನೀಡೆಕನ್. 1951ರಲ್ಲಿ ಹುಟ್ಟಿದವರು, ಇದೇ ಪೇಟೆಯ ದಿನಸಿ ಅಂಗಡಿಕಾರರ ಮಗ, ಚಿತ್ರಕಲೆ ಕಲಿತವರು. ತಂದೆಯನ್ನು ಅವರು ಕರೆಯುತ್ತಿದ್ದದ್ದು ‘ಬಾಪ್’ ಎಂದು. ಗೆಳೆಯರು ಅದನ್ನೇ ಅವರಿಗೆ ಅಡ್ಡಹೆಸರಾಗಿ ಅಂಟಿಸಿದರು. ಮುಂದೆ ಅದೇ ಮೇಳದ ಹೆಸರಾಯಿತು. ಮುಂಬಯಿ, ಪುಣೆಗಳಲ್ಲಿ ಬಾಳುವ ನಮ್ಮವರಿಗೆ ಈ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ!

1976ರಲ್ಲಿ ಗೆಳೆಯರು ಬಿಡುವಿನ ವೇಳೆಯಲ್ಲಿ ಕೂಡಿ ಬಾರಿಸತೊಡಗಿದರು. 1979ರ ಮೊದಲ ಧ್ವನಿಮುದ್ರಿಕೆಯ ಹೆಸರಿನಲ್ಲೇ ‘ಬೇರೆ ಬಗೆಯ ಕ್ಯೋಲ್ಶ್ ಹಾಡುಗಳು’ ಎಂಬ ಮಾತಿತ್ತು. ಹಬ್ಬದ ಹಾಡಲ್ಲ, ದಿನನಿತ್ಯದ ಬಾಳಿನ ಹಾಡು ಎಂಬುದು ಅದರ ಇಂಗಿತ. 1980ರಲ್ಲಿ ಗಿಟಾರ್ ವಾದಕ ಕ್ಲೌಸ್ ಹೊಯ್ಸರ್ ಸೇರಿದರು. ಮೇಳಕ್ಕೆ ಹೊಸ ಬಲ ಬಂತು. 1981ರ ‘ಫ್ಯೂರ್ ಉಸ್‌ತ್ಸೆಷ್ನಿಗೆ’ ಮತ್ತು 1982ರ ‘ಫುನ್ ದ್ರಿನ್ನೆ ನೋ ದ್ರುಸ್ಸೆ’ ಎಂಬ ಎರಡು ಎಲ್.ಪಿ.ಗಳೂ ಇಡೀ ಪಶ್ಚಿಮ ಜರ್ಮನಿಯ ಮಾರಾಟಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದವು. ಒಂದು ಊರಿನ ಆಡುಮಾತನ್ನು, ಆ ಮಾತು ತಿಳಿಯದ ನಾಡೆಲ್ಲ ಕೊಂಡು ಕೇಳಿತು.

ಎರಡನೆಯದರಲ್ಲಿ ‘ದೋ ಕಾನ್ಸ್ ತ್ಸೌಬರೆ’ ಎಂಬ ಪ್ರೇಮಗೀತೆಯಿದೆ. ‘ನಿನಗೆ ಮಾಟ ಬರುತ್ತದೆ’ ಎಂದು ಅದರ ಅರ್ಥ. ಅದರ ಜತೆಗೇ ‘ಕ್ರಿಸ್ಟಾಲ್‌ನಾಖ್’ ಇದೆ. 1938ರ ನವೆಂಬರ್ 9ರಂದು ಯೆಹೂದ್ಯರ ಅಂಗಡಿ, ಮಂದಿರಗಳನ್ನು ಒಡೆದು ಸುಟ್ಟ ರಾತ್ರಿಯ ಹೆಸರು ಅದು. ಅಂಥ ದ್ವೇಷ ಮತ್ತೆ ತಲೆಯೆತ್ತೀತು ಎಂಬ ಎಚ್ಚರಿಕೆ ಹಾಡಿನದು.

ಎಲ್ಲಕ್ಕಿಂತ ಹೆಸರಾದದ್ದು 1981ರ ‘ಫರ್ದಾಂಪ್ ಲಾಂಗ್ ಹೇರ್’. ‘ಹಾಳಾದ್ದು, ಎಷ್ಟು ಕಾಲವಾಯಿತು’ ಎಂದು ಕನ್ನಡಿಸಬಹುದು. ಜನ ಇದನ್ನು ಕೈತಟ್ಟಿ ಕೂಗಿ ಹಾಡುತ್ತಾರೆ. ಆದರೆ ಇದು ತೀರಿಹೋದ ತಂದೆಯೊಡನೆ ಮಗ ನಡೆಸುವ ಮಾತುಕತೆ. ನೀಡೆಕನ್ನರ ತಂದೆ 1980ರಲ್ಲಿ ತೀರಿಕೊಂಡಿದ್ದರು. ಬದುಕಿದ್ದಾಗ ಇಬ್ಬರೂ ಎದುರುಬದುರು ಕೂತು ಆಡಬೇಕಾಗಿದ್ದ ಮಾತುಗಳನ್ನು ಮಗ ತಡವಾಗಿ, ತಂದೆ ಆಡುತ್ತಿದ್ದ ಮಾತಿನಲ್ಲಿಯೇ, ಆಡಿದ್ದಾನೆ. ಶಾಲೆಯ ಜರ್ಮನ್ನಿನಲ್ಲಿ ಬರೆದಿದ್ದರೆ ಅದು ಕವಿತೆಯಾಗುತ್ತಿತ್ತೇನೋ. ಅಪ್ಪನಿಗೆ ಆಡಿದ ಮಾತಾಗುತ್ತಿರಲಿಲ್ಲ.

ಈ ಮೇಳದವರು ತಮ್ಮ ಮಾತಿಗೆ ಬೆಲೆಯನ್ನೂ ತೆತ್ತಿದ್ದಾರೆ. 1984ರ ಜನವರಿಯಲ್ಲಿ ಪೂರ್ವ ಜರ್ಮನಿಯ ಪ್ರವಾಸ ಗೊತ್ತಾಗಿತ್ತು. ಒಂದು ಹಾಡನ್ನು ಬಿಡಬೇಕೆಂದು ಅಲ್ಲಿನ ಅಧಿಕಾರಿಗಳು ಹಟ ಹಿಡಿದರು. ಹಾಡು ಬಿಡಲೊಪ್ಪದೆ ಮೇಳ ಪ್ರವಾಸವನ್ನೇ ಬಿಟ್ಟು ಮರಳಿತು.

1991–92ರಲ್ಲಿ ಜರ್ಮನಿಯ ಕೆಲವು ಊರುಗಳಲ್ಲಿ ಹೊರನಾಡಿನಿಂದ ಬಂದವರ ವಸತಿಗಳ ಮೇಲೆ ದಾಳಿಗಳಾದವು. ಆಗ ಕೊಲೋನಿನ ಕಲಾವಿದರು 1992ರ ನವೆಂಬರ್ 9ರಂದು, ಎಂದರೆ ಆ ಹಳೆಯ ಕರಾಳ ರಾತ್ರಿಯ ತಾರೀಖಿನಂದೇ, ಇದೇ ಕ್ಲೋಡ್ವಿಗ್ ಚೌಕದಲ್ಲಿ ಕೂಡಿ ಹಾಡಿದರು. ಬಾಪ್ ಮೇಳವೂ ಅಲ್ಲಿತ್ತು. ನೆರೆದವರು ಸುಮಾರು ಒಂದು ಲಕ್ಷ. ‘ಕೂತಲ್ಲಿಂದ ಏಳಿ, ಬಾಯಿ ಬಿಡಿ’ ಎಂಬ ಅರ್ಥದ ಕರೆ, ಅದೂ ಕ್ಯೋಲ್ಶಿನಲ್ಲೇ. ತಮ್ಮ ಮಾತನ್ನು ಇಷ್ಟು ಪ್ರೀತಿಸುವವರು ಪರವೂರಿನವರ ಪರವಾಗಿ ಆ ಮಾತನ್ನು ಬಳಸಿದ್ದು, ಪರವೂರಿನಲ್ಲೇ ಸಂಸಾರ ಹೂಡಿರುವ ನಮ್ಮಂಥವರಿಗೆ ಬಹಳ ಹಿಡಿಸಿತು.

ಈಗ ಚೌಕದಲ್ಲಿ ಟ್ರಾಮುಗಳು ಬಂದುಹೋಗುತ್ತವೆ, ಕಾಫಿ ಅಂಗಡಿಗಳು ತುಂಬಿರುತ್ತವೆ. ಅಲ್ಲಿ ಕೂತಷ್ಟು ಹೊತ್ತೂ ನಮ್ಮ ಕಿವಿಗೆ ಹೆಚ್ಚಾಗಿ ಬಿದ್ದದ್ದು ಶಾಲೆಯ ಜರ್ಮನ್ನೇ. ‘ಯೋಟ್’ ಎಂದದ್ದು ಮುದುಕರೊಬ್ಬರು ಮಾತ್ರ. ನಮ್ಮ ಮನೆಗಳ ನೆನಪಾಯಿತು. ನಮ್ಮ ಮಕ್ಕಳು ಶಾಲೆಯಲ್ಲಿ ಒಂದು, ಬೀದಿಯಲ್ಲಿ ಇನ್ನೊಂದು ಭಾಷೆಯನ್ನು ಚೆನ್ನಾಗಿಯೇ ಆಡುತ್ತಾರೆ, ಆಡಲಿ. ಆದರೆ ನಾಳೆ ನಮ್ಮೊಡನೆ ಬಾಕಿಯುಳಿದ ಮಾತೊಂದನ್ನು ಅವರು ಆಡಬೇಕೆಂದುಕೊಂಡಾಗ ಯಾವ ಮಾತಿನಲ್ಲಿ ಆಡಿಯಾರು? ಅದಕ್ಕೆ ಬೇಕಾಗುವಷ್ಟು ಕನ್ನಡವನ್ನು ಊಟಕ್ಕೆ ಕೂತಾಗಲಾದರೂ ಅವರೊಡನೆ ಆಡಿಡೋಣ.