ಹಡಗಿನಲ್ಲಿ ಸಹಪಂಕ್ತಿ

ಯಾತ್ರೆಯ ವಿಷಯದಲ್ಲಿ ನಾನು ಅನನುಭವಿಯಲ್ಲ. ಕಾಶಿ, ರಾಮೇಶ್ವರ, ಬದರಿ, ದ್ವಾರಕೆ, ಪುರಿ ಇವೆಲ್ಲವನ್ನೂ ಬೇಸಿಗೆಯ ರಜೆಗಳಲ್ಲಿ ಒಂದೊಂದಾಗಿ ನೋಡಿಬಂದಿರುವೆನು. ಯಾವ ಗಾಡಿಯನ್ನು ಎಲ್ಲಿ ಬದಲಿಸಬೇಕು, ಯಾವ ಊರಿನಲ್ಲಿ ಇಳಿದುಕೊಳ್ಳಲು ಅನುಕೂಲವೆಲ್ಲಿ ಎಂದು ಕೇಳುವುದಕ್ಕೆ ಗದಗ-ಬೆಟಗೇರಿಯ ಕೆಲವರು ಇಂದಿಗೂ ನಮ್ಮ ಮನೆಗೆ ಬರುವುದುಂಟು. ಈ ಎಲ್ಲ ಯಾತ್ರೆಗಳಲ್ಲಿಯೂ ನನ್ನ ಸಹಧರ್ಮಿಣಿಯು ಜೊತೆಯಲ್ಲಿದ್ದಳು. ಆದುದರಿಂದ ಆಕೆಯೂ ನನ್ನಂತೆಯೇ ನುರಿತ ಯಾತ್ರಿಕಳೆಂದು ನಾನು ತಿಳಿದಿದ್ದೆನು. ಆ ತಿಳಿವಳಿಕೆಯು ಎಷ್ಟು ಪೊಳ್ಳೆಂಬುದು ಹಡಗನ್ನೇರಿದ ಮೊದಲನೆಯ ದಿನವೇ ಗೊತ್ತಾಯಿತು. ಅದನ್ನು ಗೃಹಸ್ಥರಾದ ವಾಚಕರ ಮುಂದೆ ಇಡುವುದರಲ್ಲಿ ನನಗೆ ಸಂಕೋಚವಿದೆ, ಆದರೂ ಇಡುತ್ತೇನೆ.

ಆಕೆ ಲಕ್ಷ್ಮೇಶ್ವರದವಳು, ನನ್ನ ಸೋದರಮಾವನ ಮಗಳು. 1990ರ ಮಾಘಮಾಸದಲ್ಲಿ ನಮ್ಮ ವಿವಾಹವಾಯಿತು. 2025ರಲ್ಲಿ ಅದಕ್ಕೆ ಮೂವತ್ತೈದು ವರ್ಷ ತುಂಬಿದ ನಿಮಿತ್ತ ಮುಂಬಯಿಯಲ್ಲಿರುವ ಮಗನು ನಮ್ಮಿಬ್ಬರಿಗೂ ಗೋವೆಗೆ ಹೋಗಿಬರುವ ವಿಹಾರನೌಕೆಯ ಟಿಕೆಟ್ಟುಗಳನ್ನು ಕೊಂಡುಬಿಟ್ಟನು. ಹಡಗಿನ ಹೆಸರು ಎಂಪ್ರೆಸ್. ಕಾರ್ಡೆಲಿಯಾ ಎಂಬ ಸಂಸ್ಥೆಯವರು 2021ರಲ್ಲಿ ಮುಂಬಯಿಯಿಂದ ಇದರ ಸಂಚಾರವನ್ನು ಆರಂಭಿಸಿದರು. ಇದು ಫ್ರಾನ್ಸ ದೇಶದಲ್ಲಿ ನಿರ್ಮಿತವಾಗಿ 1990ರಲ್ಲಿಯೇ ಸಂಚಾರಕ್ಕಿಳಿದು, ಬಹುಕಾಲ ಅಮೇರಿಕೆಯ ಕಡೆಯ ಸಮುದ್ರಗಳಲ್ಲಿ ಓಡಾಡಿದ ಹಡಗು. 200 ಮೀಟರಿಗೂ ಮಿಕ್ಕಿದ ಉದ್ದ. ನಮ್ಮ ದಾಂಪತ್ಯಕ್ಕೂ ಇದಕ್ಕೂ ಒಂದೇ ವಯಸ್ಸೆಂದು ಮಗನು ವಿನೋದವಾಡಿದನು.

ಹೊರಡುವ ಮುನ್ನ ಆಕೆ ವಾಡಿಕೆಯಂತೆ ಬುತ್ತಿ ಕಟ್ಟಿದ್ದಳು: ದಶಮಿ, ಶೇಂಗಾ ಚಟ್ನಿ, ಹಚ್ಚಿದ ಅವಲಕ್ಕಿ. ಹೊರಗಿನ ಆಹಾರವನ್ನು ಹಡಗಿನೊಳಗೆ ಒಯ್ಯುವಂತಿಲ್ಲವೆಂದು ಮಗನು ಅದನ್ನು ಮನೆಯಲ್ಲಿಯೇ ಇರಿಸಿಕೊಂಡನು. ಆ ಗಂಟು ಕೈಬಿಟ್ಟ ಕೂಡಲೇ ಆಕೆಯ ಮುಖವು ಬಾಡಿತು. ತಿನಿಸಿನ ಮೇಲಿನ ಆಸೆಯೆಂದು ನಾನು ಬಗೆದೆನು.

ನನಗೆ ಬೇರೊಂದು ವಿಚಾರವು ಕಾಡುತ್ತಿದ್ದಿತು. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪತನಕ್ಕೆ ಕಾರಣವಾದ ಕರ್ಮಗಳಲ್ಲಿ ಎಣಿಸಿದೆ. 1888ರಲ್ಲಿ ಇದೇ ಮುಂಬಯಿಯಿಂದ ವಿಲಾಯತಿಗೆ ಹೊರಟ ತರುಣ ಗಾಂಧಿಯವರನ್ನು ಅವರ ಜಾತಿಯವರು ಬಹಿಷ್ಕರಿಸಿದ್ದರು. ಈ ಕಾಲದಲ್ಲಿ ಅದನ್ನು ಯಾರೂ ಕೇಳರು, ನಾನೂ ಅಂಜುವವನಲ್ಲ. ಆದರೂ ಸಂಸ್ಕೃತ ಪಾಠ ಹೇಳಿ ತಲೆ ನರೆತವನಿಗೆ ಹಡಗಿನ ಮೆಟ್ಟಿಲ ಮೇಲೆ ಕಾಲಿಡುವಾಗ ಸೂತ್ರವು ನೆನಪಾಗದಿರುವುದೇ? ಮುಂದೆ ನಡೆದು ಹಿಂದಿರುಗಿ ನೋಡಿದರೆ ಆಕೆ ಬಲಗಾಲನ್ನು ಮುಂದಿಟ್ಟು, ಹಡಗಿಗೆ ನಮಸ್ಕರಿಸಿ ಒಳಗೆ ಬರುತ್ತಿದ್ದಳು.

ಹಡಗು ಬಿಡುವ ಮುನ್ನ ಎಲ್ಲರನ್ನೂ ಒಂದೆಡೆ ಕೂಡಿಸಿ, ಅಪಾಯಕಾಲದಲ್ಲಿ ಎಲ್ಲಿ ನೆರೆಯಬೇಕು, ತೇಲುವ ಅಂಗಿಯನ್ನು ಹೇಗೆ ತೊಡಬೇಕು ಎಂಬುದನ್ನು ತೋರಿಸಿದರು. ಮೊದಲು ಈ ಪಾಠವನ್ನು ಹೊರಟ ಮೇಲೆ ಒಂದು ದಿನದೊಳಗಾಗಿ ಹೇಳಿದರೂ ನಡೆಯುತ್ತಿದ್ದಿತು. 2012ರಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಹಡಗು ಬಂಡೆಗೆ ಬಡಿದು ಮಗುಚಿ 32 ಜನರು ಮಡಿದರು. ಅಂದೇ ಹತ್ತಿದ ಅನೇಕರಿಗೆ ಆ ಪಾಠವಿನ್ನೂ ಆಗಿರಲಿಲ್ಲ. ಆ ಮೇಲೆ, ಹೊರಡುವ ಮೊದಲು ಅಥವಾ ಹೊರಟೊಡನೆ ಹೇಳತಕ್ಕದ್ದೆಂಬ ಅಂತರರಾಷ್ಟ್ರೀಯ ನಿಯಮವು 2015ರಿಂದ ಜಾರಿಗೆ ಬಂದಿತು. ಇದನ್ನೆಲ್ಲ ನಾನು ಆಕೆಗೆ ವಿವರಿಸುತ್ತಲೇ ಇದ್ದೆನು. ಕೋಣೆಗೆ ಹೋಗಿ ಅಂಗಿಯನ್ನು ತೊಟ್ಟು ನೋಡಹೋದರೆ ನನ್ನ ಪಟ್ಟಿಗಳು ಒಂದಕ್ಕೊಂದು ಸಿಕ್ಕಿಕೊಂಡವು. ವಿವರಿಸುವ ಗದ್ದಲದಲ್ಲಿ ನಾನು ಏನನ್ನೂ ನೋಡಿರಲಿಲ್ಲ, ಆಕೆ ನೋಡಿದ್ದಳು. ಮಾತಿಲ್ಲದೆ ಬಂದು ಬಿಡಿಸಿ ಸರಿಯಾಗಿ ಕಟ್ಟಿದಳು.

ಸಂಜೆ ಹಡಗು ಹೊರಟಿತು. ಮೇಲಿನ ಅಟ್ಟದಲ್ಲಿ ಕಟಾಂಜನವನ್ನು ಹಿಡಿದು ನಿಂತೆವು. ಎಡಗಡೆ ಕೊಂಕಣದ ತೀರವು ಮಸುಕಾಗುತ್ತಲಿದ್ದಿತು. ರೈಲು ಬರುವುದಕ್ಕೆ ಮುಂಚೆ, ಹತ್ತೊಂಬತ್ತನೆಯ ಶತಮಾನದಲ್ಲಿ, ನಮ್ಮ ಎರೆನೆಲದ ಹತ್ತಿಯು ಎತ್ತಿನ ಬಂಡಿಗಳಲ್ಲಿ ಘಟ್ಟವನ್ನಿಳಿದು ಕುಮಟೆಗೆ ಹೋಗಿ, ಇದೇ ಕಡಲಿನ ಮೇಲೆ ಮುಂಬಯಿಗೆ ಬರುತ್ತಿದ್ದಿತು. ನಮ್ಮ ಸೀಮೆಯಲ್ಲಿ ಬೆಳೆದುದಕ್ಕೆ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದು ಹೆಸರಾದುದು ಹೀಗೆ. ಇದನ್ನು ಹೇಳಿದಾಗ ಆಕೆ ಕೇಳಿದಳು:

“ಹತ್ತಿ ಬಿಡಿಸಿದ ಹೆಣ್ಮಕ್ಕಳ್ಯಾರೂ ಹಡಗ ಹತ್ತಿರಲಿಕ್ಕಿಲ್ಲ, ಅಲ್ಲೇನ್ರೀ?”

ಇಲ್ಲವೆಂದೆನು. ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡು ನಕ್ಕಳು.

“ಕೈಗೆ ಏನೂ ಕೆಲಸ ಇಲ್ಲ ನೋಡ್ರಿ, ಹ್ಯಾಂಗೋ ಆಗ್ತದ. ಕಾಶಿಯೊಳಗ ಈ ಹೊತ್ತಿನಾಗ ನೀವು ಗಂಗಾರತಿಗೆ ಹೋಗ್ತಿದ್ರಿ. ನಾ ಧರ್ಮಶಾಲಾದಾಗ ಸ್ಟೋಕ್ಕ ಪಂಪ ಹೊಡೀತಿದ್ದೆ.”

“ಹಾಗಾದರೆ ಆರತಿಯನ್ನು ನೀನು ನೋಡಲೇ ಇಲ್ಲವೇ?”

“ನೀವು ಬಂದು ಹೇಳಿದ್ರಲ್ಲಾ, ಬಡಸುವಾಗ ಕೇಳಿದೆ.”

ಆ ಮಾತಿನಲ್ಲಿ ದೂರಿನ ಲೇಶವೂ ಇರಲಿಲ್ಲ. ದೂರಿದ್ದರೆ ಉತ್ತರ ಕೊಡುತ್ತಿದ್ದೆನು. ಮಡಿಯ ಅಡಿಗೆಯೇ ಆಗಬೇಕೆಂಬ ನಿಷ್ಠೆಯು ನನ್ನದು. ಅದನ್ನು ನಡೆಯಿಸಿದ ಶ್ರಮವು ಆಕೆಯದು. ಬದರಿಯಲ್ಲಿಯೂ ಪುರಿಯಲ್ಲಿಯೂ ಹೀಗೆಯೇ ನಡೆದಿರಬೇಕು. ನಾನು ಭಾರತವನ್ನು ಸುತ್ತಿದೆನು. ಆಕೆ ತನ್ನ ಅಡಿಗೆಮನೆಯನ್ನು ಹೊತ್ತು ನನ್ನ ಹಿಂದೆ ಬಂದಳು. ಬುತ್ತಿಯ ಗಂಟು ಕೈಬಿಟ್ಟಾಗ ಮುಖವು ಬಾಡಿದುದರ ಅರ್ಥವು ಆಗ ತಿಳಿಯಿತು. ಕೆಲಸವಿಲ್ಲದ ಯಾತ್ರೆಯನ್ನು ಆಕೆ ಹಿಂದೆಂದೂ ಕಂಡಿರಲಿಲ್ಲ.

ರಾತ್ರಿ ಊಟದ ಮನೆಗೆ ಹೋದೆವು. ಶಾಕಾಹಾರದ ಮೇಜಿನ ಮುಂದೆ ನನ್ನನ್ನು ಕೂಡ್ರಿಸಿ ಆಕೆ ಬಡಿಸುವುದಕ್ಕೆ ನಿಂತಳು. ಬಡಿಸುವ ಹುಡುಗನು ಬಂದು, ಕೈಮುಗಿದು, ಕುರ್ಚಿಯನ್ನು ಎಳೆದು ತೋರಿಸಿದನು. ನಾನೂ “ಕೂಡು” ಎಂದೆನು. ಇದಿರಿಗೆ ಅಂಜುತ್ತ ಕುಳಿತಳು. ಅನ್ನ ಬಂದಿತು. ಎರಡು ತುತ್ತು ಉಂಡು ಮೆಲ್ಲಗೆ ಹೇಳಿದಳು:

“ಅನ್ನ ಇಷ್ಟ ಬಿಸಿ ಇರತದ ಅನ್ನೋದ ಮರತಿತ್ತರಿ.”

ನಾನು ತಲೆಯೆತ್ತಲಾರದೆ ಹೋದೆನು. ಮೆಟ್ಟಿಲ ಮೇಲೆ ನನಗೆ ನೆನಪಾದ ಬೌಧಾಯನನೇ ತನ್ನ ಗ್ರಂಥದ ಆರಂಭದಲ್ಲಿ, ದೇಶಭೇದದಿಂದ ಆಚಾರಭೇದವನ್ನು ಹೇಳುತ್ತ, ಉತ್ತರದವರಿಗೆ ವಿಶಿಷ್ಟವಾದ ಐದು ಆಚಾರಗಳಲ್ಲಿ ಸಮುದ್ರಯಾನವನ್ನು ಸೇರಿಸಿದ್ದಾನೆ. ದಕ್ಷಿಣದವರಿಗೂ ಐದನ್ನು ಹೇಳಿದ್ದಾನೆ. ಸೋದರಮಾವನ ಮಗಳನ್ನು ವರಿಸುವುದು ಅವುಗಳಲ್ಲೊಂದು. ಹೆಂಡತಿಯೊಡನೆ ಕುಳಿತು ಉಣ್ಣುವುದು ಮತ್ತೊಂದು. ತರಗತಿಯಲ್ಲಿ ಇದನ್ನು ಎಷ್ಟೋ ಸಲ ನಗುತ್ತ ಹೇಳಿರುವೆನು. ಆದರೆ ನನಗೆ ಅನುಕೂಲವಾದ ಮೊದಲನೆಯದನ್ನು ಆಚರಿಸಿ, ಎರಡನೆಯದನ್ನು ಮೂವತ್ತೈದು ವರ್ಷ ಮರೆತು, ನಾನುಂಡು ಎದ್ದ ಮೇಲೆ ಆರಿದ ಅನ್ನವನ್ನು ಆಕೆಗೆ ಬಿಟ್ಟವನು ನಾನು. ಉತ್ತರದವರ ಆಚಾರವನ್ನು ಹಿಡಿದ ದಿನವೇ ದಕ್ಷಿಣದವರ ಆಚಾರವು ನನಗೆ ಕೈಗೂಡಿತು.

ಗೋವೆಯನ್ನು ನೋಡಿದೆವು, ಚೆನ್ನಾಗಿದ್ದಿತು. ಅದನ್ನು ಬರೆದವರು ಬೇಕಾದಷ್ಟು ಜನರಿದ್ದಾರೆ. ಗದಗಿಗೆ ಮರಳಿದ ದಿನದಿಂದ ನಮ್ಮ ಮನೆಯಲ್ಲಿ ಎರಡು ತಾಟುಗಳನ್ನು ಒಟ್ಟಿಗೆ ಇಡುತ್ತೇವೆ. ಉಪ್ಪು, ತುಪ್ಪ, ಮಜ್ಜಿಗೆ ಎಲ್ಲವನ್ನೂ ನಡುವೆ ಇರಿಸಿಕೊಂಡೇ ಕೂಡ್ರುವುದೆಂದು ನಿಯಮ ಮಾಡಿರುವೆನು. ಆದರೂ ಆಕೆ ನಾಲ್ಕು ತುತ್ತಿಗೊಮ್ಮೆ ಏನಾದರೊಂದು ನೆವದಿಂದ ಏಳಹೋಗುತ್ತಾಳೆ. ಆಗ ನಾನೇ ಏಳುತ್ತೇನೆ. ಉಪ್ಪಿನಕಾಯಿಯ ಭರಣಿ ಎಲ್ಲಿರುವುದೆಂಬುದು ಈಗ ನನಗೆ ಗೊತ್ತಾಗಿದೆ.