ಬೆರಳಿಗೆ ಕಾಣುವ ವಿಮಾನ

ನಿವೃತ್ತನಾದವನ ಮೇಲೆ ಲೋಕಕ್ಕೆ ಎರಡು ಬಗೆಯ ಸಂದೇಹಗಳುಂಟು. ಸುಮ್ಮನೆ ಕುಳಿತರೆ ಮಂಕಾದನೆನ್ನುತ್ತಾರೆ. ಏನನ್ನಾದರೂ ಮಾಡುತ್ತ ಕುಳಿತರೆ ಮರುಳಾದನೆನ್ನುತ್ತಾರೆ. ನಾನು ಎರಡನೆಯ ವರ್ಗಕ್ಕೆ ಸೇರಿದವನು. ಎರಡು ವರ್ಷಗಳಿಂದ ಮನೆಯ ಹಿಂದಿನ ಕೋಣೆಯಲ್ಲಿ ಒಂದು ವಿಮಾನವನ್ನು ಕಟ್ಟುತ್ತಿದ್ದೇನೆ. ಗಾಬರಿ ಬೇಡ. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಅದು 26 ಅಂಗುಲ ಮಾತ್ರ. ಅಸಲು ವಿಮಾನದ್ದು 104 ಅಡಿ. ಅಡಿಗೆ ಕಾಲಂಗುಲದ ಲೆಕ್ಕದಲ್ಲಿ, ಅಂದರೆ ನಲವತ್ತೆಂಟರಲ್ಲೊಂದು ಪಾಲಿಗೆ, ಇಳಿಸಿಕೊಂಡಿದ್ದೇನೆ.

ಅದರ ಹೆಸರು ಕ್ಯಾಟಲೀನಾ. ಅಮೆರಿಕದ ಕನ್ಸಾಲಿಡೇಟೆಡ್ ಕಂಪೆನಿಯದು. 1935ರಲ್ಲಿ ಮೊದಲು ಹಾರಿತು. ನೀರಿನ ಮೇಲೆ ಇಳಿದು ನೀರಿನಿಂದಲೇ ಏಳುವ ವಿಮಾನ. ಕೆಳಗೆ ದೋಣಿ, ಮೇಲೆ ಹಕ್ಕಿ. ನೋಡಲು ಸುಂದರವೆಂದು ಹೇಳಲಾರೆ. ಒಂದು ಗಿಡ್ಡ ಕಂಬದ ಮೇಲೆ ಅಗಲವಾದ ರೆಕ್ಕೆಯನ್ನು ಚಪ್ಪರದಂತೆ ಹಾಸಿ, ಎರಡು ಕಡೆಗೂ ಊರುಗೋಲು ಕೊಟ್ಟು ನಿಲ್ಲಿಸಿದ ಹಾಗಿದೆ. ಆದರೆ ಸೋಮಾರಿಯಲ್ಲ. 1941ರ ಮೇ 26ರಂದು ಅಟ್ಲಾಂಟಿಕ್ಕಿನಲ್ಲಿ ತಪ್ಪಿಸಿಕೊಂಡು ಓಡುತ್ತಿದ್ದ ಜರ್ಮನರ ಬಿಸ್ಮಾರ್ಕ್ ಯುದ್ಧನೌಕೆಯನ್ನು ಪತ್ತೆಮಾಡಿದ್ದು ಒಂದು ಕ್ಯಾಟಲೀನಾ. ಮರುವರ್ಷ ಏಪ್ರಿಲ್ 4ರಂದು ಸಿಂಹಳದತ್ತ ಬರುತ್ತಿದ್ದ ಜಪಾನಿ ನೌಕಾಪಡೆಯನ್ನು ಕಂಡು ಸುದ್ದಿ ಕೊಟ್ಟಿದ್ದು ಇನ್ನೊಂದು. 1943ರಿಂದ ಎರಡು ವರ್ಷ ಅವು ಆಸ್ಟ್ರೇಲಿಯದ ಪರ್ತ್‌ನಿಂದ ಸಿಂಹಳದ ಕೊಗ್ಗಲ ಸರೋವರದವರೆಗೆ ಎಲ್ಲಿಯೂ ಇಳಿಯದೆ ಹಾರಿ ಬರುತ್ತಿದ್ದವು. ಒಂದೇ ಪ್ರಯಾಣದಲ್ಲಿ ಒಳಗಿದ್ದವರಿಗೆ ಎರಡು ಸೂರ್ಯೋದಯ!

"ಇಷ್ಟಕ್ಕೆ ಹಿತ್ತಾಳೆ ಕುಟ್ಟಬೇಕೇನ್ರೀ? ಪ್ಲಾಸ್ಟಿಕ್ಕಿನ ತುಂಡುಗಳು ಡಬ್ಬಿಯಲ್ಲೇ ಬರುತ್ತವಲ್ಲ, ಅಂಟಿಸಿದರಾಯಿತು" ಎಂದು ಬೆಳಗಿನ ವಾಕಿಂಗ್ ಗೆಳೆಯರು ಕೇಳುತ್ತಾರೆ. ಬರುತ್ತವೆ, ನಿಜ. ಅಂಟಿಸಿ ಬಣ್ಣ ಹೊಡೆದಮೇಲೆ ಒಳಗಿರುವುದು ಪ್ಲಾಸ್ಟಿಕ್ಕೋ ಲೋಹವೋ ಯಾರಿಗೂ ಗೊತ್ತಾಗುವುದಿಲ್ಲ ಎಂಬುದೂ ನಿಜ. ಆದರೆ ಅದು ಕಣ್ಣಿದ್ದವರ ಮಾತು. ನಾನು ಈ ವಿಮಾನವನ್ನು ಕಟ್ಟುತ್ತಿರುವುದು ನನ್ನ ತಾಯಿಗಾಗಿ. ಅವರಿಗೆ ಎಂಬತ್ತೊಂಬತ್ತು ವರ್ಷ. ಗ್ಲಾಕೋಮ ಎಂಬ ರೋಗ ಅವರ ದೃಷ್ಟಿಯನ್ನು ಅಂಚಿನಿಂದ ತಿನ್ನುತ್ತ ಬಂದು, ಆರು ವರ್ಷಗಳಲ್ಲಿ ನಡುವಿನದನ್ನೂ ತೆಗೆದುಕೊಂಡಿತು. ಈಗ ಅವರ ಲೋಕವೆಲ್ಲ ಬೆರಳ ತುದಿಯಲ್ಲಿದೆ.

ಅಮ್ಮನ ತವರು ಬೆಳ್ಳಂದೂರು ಕೆರೆಯ ದಡದ ಹಳ್ಳಿ. ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಪ್ರಾರಂಭವಾದದ್ದು 1940ರಲ್ಲಿ. 1943ರಲ್ಲಿ ಅಮೆರಿಕದ ಸೇನೆ ಅದನ್ನು ವಹಿಸಿಕೊಂಡು ತನ್ನ ವಿಮಾನಗಳ ರಿಪೇರಿಯ ಕೇಂದ್ರ ಮಾಡಿಕೊಂಡಿತು. ಅಲ್ಲಿಗೆ ಬರುತ್ತಿದ್ದ ಕ್ಯಾಟಲೀನಾಗಳು ಇಳಿಯುತ್ತಿದ್ದುದು ಬೆಳ್ಳಂದೂರು ಕೆರೆಯಲ್ಲಿ. ಎಂಟು ವರ್ಷದ ಹುಡುಗಿ ಎಮ್ಮೆಗೆ ನೀರು ಕುಡಿಸಲು ಹೋದವಳು ಅದನ್ನು ಕಂಡಳು. "ಕೊಕ್ಕರೆ ಇಳಿದ ಹಾಗೆ ಇಳೀತು ಕಣೋ. ಆಮೇಲೆ ಬಾತುಕೋಳಿ ಹಾಗೆ ಕೂತ್ಕೊಂಡ್ತು" ಎಂದು ನನ್ನ ಬಾಲ್ಯದಿಂದಲೂ ಹೇಳುತ್ತ ಬಂದಿದ್ದಾರೆ. ನಾವು ಮಕ್ಕಳು ಅದನ್ನು ಕಾಗಕ್ಕ ಗುಬ್ಬಕ್ಕನ ಕಥೆಯ ಸಾಲಿಗೆ ಸೇರಿಸಿ ನಗುತ್ತಿದ್ದೆವು. ಕೆರೆಯಾದರೋ 2015ರಲ್ಲಿ ನೊರೆ ಉಕ್ಕಿಸಿತು, 2017ರಲ್ಲಿ ಹೊತ್ತಿ ಉರಿಯಿತು. ನೀರಿಗೆ ಬೆಂಕಿ ಬಿದ್ದ ಸುದ್ದಿಯನ್ನು ನಂಬಿದ ಮೊಮ್ಮಕ್ಕಳು, ನೀರಿಗೆ ವಿಮಾನ ಇಳಿದ ಸುದ್ದಿಯನ್ನು ಮಾತ್ರ ನಂಬಲಿಲ್ಲ.

ಆದ್ದರಿಂದ ವಿಮಾನ ಅಮ್ಮನ ಬೆರಳಿಗೆ ಕಾಣಬೇಕು. ಪ್ಲಾಸ್ಟಿಕ್ಕು ಬೆರಳಿಗೆ ಏನನ್ನೂ ಹೇಳುವುದಿಲ್ಲ. ಬಾಚಣಿಗೆಯೂ ಒಂದೇ, ವಿಮಾನವೂ ಒಂದೇ. ಲೋಹಕ್ಕೆ ತಣ್ಪಿದೆ, ತೂಕವಿದೆ, ಅರ ಹಾಕಿದ ಅಂಚಿಗೆ ತನ್ನದೇ ಆದ ಒಂದು ಖಚಿತತೆಯಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಎಂಬತ್ತೊಂಬತ್ತರ ಕೈ ನಡುಗುತ್ತ ಹಿಡಿದರೆ ಮುರಿಯುವುದಿಲ್ಲ.

ದೋಣಿಯ ಭಾಗವನ್ನು ಚನ್ನಪಟ್ಟಣದ ಬೊಂಬೆ ಮಾಡುವ ಆಲೆಮರದಲ್ಲಿ ಕೆತ್ತಿದೆ. ಅದರ ಮೇಲೆ ಹೊದಿಸಿದ್ದು ಆಫ್‌ಸೆಟ್ ಅಚ್ಚುಕೂಟದಲ್ಲಿ ಬಳಸಿ ಬಿಸಾಡಿದ ತೆಳು ಅಲ್ಯುಮಿನಿಯಂ ತಗಡು. ಮುದ್ರಣದ ಮುಖವನ್ನು ಒಳಗೆ ಹಾಕಿದ್ದರಿಂದ ನನ್ನ ವಿಮಾನದ ಹೊಟ್ಟೆಯಲ್ಲಿ ಎಂದಿನದೋ ಚಿನ್ನ ಬೆಳ್ಳಿಯ ಧಾರಣೆ ಶಾಶ್ವತವಾಗಿ ಉಳಿದಿದೆ. ತಗಡಿನ ಮೇಲೆ ರಿವೆಟ್ಟುಗಳು ಬೇಕು. ಹಳೆಯ ಗಡಿಯಾರದ ಒಂದು ಹಲ್ಲುಚಕ್ರಕ್ಕೆ ಹಿಡಿ ಕೂರಿಸಿ, ತಗಡಿನ ಹಿಂಬದಿಯಲ್ಲಿ ಅಡಿಪಟ್ಟಿಯ ಗುಂಟ ಉರುಳಿಸಿದರೆ ಮುಂಬದಿಯಲ್ಲಿ ಸಾಲಾಗಿ ಸಾಸಿವೆಗಿಂತ ಸಣ್ಣ ಗುಳ್ಳೆಗಳೇಳುತ್ತವೆ. ನನ್ನ ಕಣ್ಣಿಗೆ ಅವನ್ನು ಕಾಣಲು ಭೂತಕನ್ನಡಿ ಬೇಕು. ಅಮ್ಮನ ಬೆರಳಿಗೆ ಬೇಕಿಲ್ಲ.

ನನ್ನ ಮಟ್ಟಿಗೆ ವಿಮಾನದ ಹೃದಯ ಅದರ ಇಂಜಿನ್ನು. ಕ್ಯಾಟಲೀನಾಕ್ಕೆ ಎರಡು, ಒಂದೊಂದರಲ್ಲಿ ಹದಿನಾಲ್ಕು ಸಿಲಿಂಡರುಗಳು, ಏಳೇಳರ ಎರಡು ಸುತ್ತು, ಹೂವಿನ ಎಸಳಿನಂತೆ. ಹಿಂದಿನ ಸುತ್ತಿನವು ಮುಂದಿನವುಗಳ ಸಂದಿಯಲ್ಲಿ ಇಣುಕುತ್ತವೆ. ಇಲ್ಲದಿದ್ದರೆ ಅವುಗಳಿಗೆ ಗಾಳಿ ತಗಲುವುದೆಲ್ಲಿಂದ? ಸಿಲಿಂಡರಿನ ಮೈಮೇಲೆ ಶಾಖ ಕಳೆಯಲು ಬಳೆಗಳಂಥ ಅಂಚುಗಳಿರುತ್ತವೆ. ಸಣ್ಣ ಮರೆಯ ಹಿತ್ತಾಳೆ ಸ್ಕ್ರೂವನ್ನು ಕತ್ತರಿಸಿದರೆ ಆ ಮರೆಯೇ ಬಳೆಯಾಗುತ್ತದೆ. ಹಾಗೆ ಇಪ್ಪತ್ತೆಂಟು ತುಂಡು. ತೊಡಕಿರುವುದು ಇವನ್ನು ನೆಡುವ ನಡುವಿನ ಗುಂಭದಲ್ಲಿ. ವೃತ್ತವನ್ನು ಆರು ಪಾಲು ಮಾಡುವುದು ಶಾಲೆಯ ಹುಡುಗನಿಗೂ ಬರುತ್ತದೆ. ಏಳು ಪಾಲು ಮಾಡುವುದಕ್ಕೆ 360 ಒಪ್ಪುವುದಿಲ್ಲ. ಅದಕ್ಕೊಂದು ಉಪಾಯವಿದೆ. ಗುಂಭದ ಸುತ್ತ ಕಾಗದದ ಪಟ್ಟಿ ಸುತ್ತಿ, ಒಂದು ಸುತ್ತಿಗೆ ಸರಿಯಾಗಿ ಕತ್ತರಿಸಿ, ಗೆರೆ ಹಾಕಿದ ನೋಟ್‌ಬುಕ್ಕಿನ ಮೇಲೆ ಓರೆಯಾಗಿ ಇಡಬೇಕು. ಒಂದು ತುದಿ ಮೊದಲ ಗೆರೆಯಲ್ಲಿ, ಮತ್ತೊಂದು ಎಂಟನೆಯ ಗೆರೆಯಲ್ಲಿ. ನಡುವಿನ ಗೆರೆಗಳು ಪಟ್ಟಿಯನ್ನು ತಾವಾಗಿ ಏಳು ಸಮಪಾಲು ಮಾಡುತ್ತವೆ. ಮತ್ತೆ ಸುತ್ತಿ, ಗುರುತಿಟ್ಟು, ಕೊರೆಯುವುದು. ಮೊದಲ ಸಲ ಏಳೂ ಸರಿಯಾಗಿ ಕೂತ ದಿನ ನನಗೆ ಊಟದ ನೆನಪಾಗಲಿಲ್ಲ. ನನ್ನಾಕೆಗೆ ಆಯಿತು, ಆಕೆ ಎರಡು ಸಲ ಕರೆದು, ಮೂರನೆಯ ಸಲ ಕರೆಯಲಿಲ್ಲ.

ಬೆಂಕಿಯ ಕೆಲಸವನ್ನು ಕಲಿತದ್ದು ನಗರ್ತಪೇಟೆಯ ಒಬ್ಬ ಅಕ್ಕಸಾಲಿಗರಿಂದ. ಆಚಾರ್ರಿಗೆ ಎಪ್ಪತ್ತು ದಾಟಿದೆ. ಯಂತ್ರದಲ್ಲಿ ಎರಕ ಹೊಯ್ದ ಒಡವೆ ಬಂದಮೇಲೆ ಅವರ ಅಗ್ಗಿಷ್ಟಿಕೆಯ ಮುಂದೆ ಗಿರಾಕಿ ಕುಳಿತಿರುವುದು ಅಪರೂಪ. ಹೀಗಾಗಿ ನನ್ನಂಥವನಿಗೂ ಕಾಲಾವಕಾಶ ದೊರೆಯಿತು. ರೆಕ್ಕೆಗೆ ಆಧಾರವಾಗಿ ದೋಣಿಯಿಂದ ಏರುವ ಊರುಗೋಲುಗಳು ಒಂದೊಂದು ಪಕ್ಕಕ್ಕೆ ಎರಡೆರಡು. ಅವು ದುಂಡಗಿಲ್ಲ, ಗಾಳಿಯನ್ನು ಸೀಳಲು ಮುಂದೆ ಗುಂಡಗೆ, ಹಿಂದೆ ಚೂಪಾಗಿ, ನೀರ ಹನಿಯನ್ನು ಅಡ್ಡ ಮಲಗಿಸಿದ ಹಾಗಿವೆ. ಹಿತ್ತಾಳೆಯ ಕೊಳವೆಯೊಳಗೆ ಒಂದು ಉಕ್ಕಿನ ತಂತಿ ತೂರಿಸಿ ಒತ್ತಿದರೆ ಆ ಆಕಾರ ಬರುತ್ತದೆ. ಆದರೆ ಹಿತ್ತಾಳೆ ಪೆಟ್ಟು ತಿಂದಷ್ಟೂ ಮೊಂಡಾಗುವ ಜಾತಿ. ಅದನ್ನು ಕಾಯಿಸಿ ಮೆತ್ತಗೆ ಮಾಡಬೇಕು. "ಕಿಟಕಿ ಮುಚ್ಚಿ ಸ್ವಾಮಿ" ಎಂದರು ಆಚಾರ್ರು. "ಬಿಸಿಲಲ್ಲಿ ಕೆಂಪು ಕಾಣಾಕಿಲ್ಲ. ಕಾಣ್ತು ಅನ್ನೋ ಹೊತ್ತಿಗೆ ಕರಗಿರ್ತದೆ." ಕತ್ತಲಲ್ಲಿ ಕೊಳವೆ ಮೆಲ್ಲಗೆ ಮಬ್ಬುಗೆಂಪಾಯಿತು. ಅಷ್ಟೇ ಹದ.

ಬೆಸುಗೆಯ ಗುಟ್ಟನ್ನೂ ಅವರೇ ಹೇಳಿದರು. ಹತ್ತಿರ ಹತ್ತಿರದ ಎರಡು ಕೂಡುಗಳಲ್ಲಿ ಎರಡನೆಯದಕ್ಕೆ ಬೆಂಕಿ ಹಿಡಿದಾಗ ಮೊದಲನೆಯದು ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಮೊದಲನೆಯದನ್ನು ಬಿಳಿಗಾರ ಹಚ್ಚಿ ಬೆಳ್ಳಿಯ ಬೆಸುಗೆಯಲ್ಲಿ ಕೂಡಿಸಬೇಕು, ಅದು ಹೆಚ್ಚು ಕಾವಿಗೆ ಕರಗುವಂಥದು. ಎರಡನೆಯದನ್ನು ಸೀಸ ತವರದ ಬೆಸುಗೆಯಲ್ಲಿ. ಮೂರನೆಯದೂ ಇದ್ದರೆ? ಕೂಡಿದ ಭಾಗವನ್ನು ಹಸಿ ಆಲೂಗೆಡ್ಡೆಗೆ ಚುಚ್ಚಿಡಬೇಕು. ಗೆಡ್ಡೆಯ ನೀರು ಕಾವನ್ನು ಕುಡಿದುಬಿಡುತ್ತದೆ. ಈ ವಿದ್ಯೆಯಿಂದ ನಮ್ಮ ಮನೆಯ ಪಲ್ಯಕ್ಕೆ ಆದ ನಷ್ಟವನ್ನು ಇಲ್ಲಿ ಬರೆಯುವುದಿಲ್ಲ.

ರೆಕ್ಕೆಯ ತುದಿಯ ತೇಲುಬುಂಡೆಗಳು ಈ ವಿಮಾನದ ಸೊಗಸು. ನೀರಿನಲ್ಲಿದ್ದಾಗ ಅವು ಕೆಳಗಿಳಿದು, ವಿಮಾನ ಪಕ್ಕಕ್ಕೆ ವಾಲದಂತೆ ತಡೆಯುತ್ತವೆ. ಹಾರುವಾಗ ಹೊರಕ್ಕೆ ಮಡಚಿ ಮೇಲೆದ್ದು, ತಾವೇ ರೆಕ್ಕೆಯ ತುದಿಯಾಗಿಬಿಡುತ್ತವೆ. ನಾನು ಅದನ್ನು ಹಾಗೆಯೇ ಮಡಚುವಂತೆ ಮಾಡಿದ್ದೇನೆ, ಕೀಲು ಗುಂಡುಸೂಜಿಯದು. ಒಂದು ಬದಿಯದು ಮುಗಿದ ದಿನ ಅಮ್ಮನ ಮಡಿಲಿಗಿಟ್ಟೆ. ಬಹಳ ಹೊತ್ತು ಮಾತಾಡಲಿಲ್ಲ. ಬೆರಳು ದೋಣಿಯ ತಳದ ಏಣನ್ನು ಹಿಡಿದು ಹೋಯಿತು, ಊರುಗೋಲು ಹತ್ತಿತು, ರೆಕ್ಕೆಯ ಗುಂಟ ನಡೆದು ತುದಿಯ ಬುಂಡೆಯನ್ನು ಕಂಡುಕೊಂಡಿತು. ಮೆಲ್ಲಗೆ ಕೆಳಗಿಳಿಸಿದರು.

"ಹೂಂ. ಇಳಿಯೋವಾಗ ಹೀಗೇ ಕಾಲು ಬಿಡ್ತಿತ್ತು."

ಮತ್ತೆ ಬೆರಳು ಹಿಂದೆ ಬಂತು. ರೆಕ್ಕೆಯಿಂದ ಬಾಲಕ್ಕೆ ಹೋಗುವ ದಾರಿಯಲ್ಲಿ ಪಕ್ಕದಲ್ಲಿ ನಾನು ಬಿಟ್ಟಿದ್ದ ಖಾಲಿ ಜಾಗದಲ್ಲಿ ನಿಂತಿತು.

"ಇಲ್ಲಿ ಗಾಜಿನ ಬುರುಡೆ ಇತ್ತು ಕಣೋ. ಅದರೊಳಗಿಂದ ಒಬ್ಬ ಕೆಂಪು ಮೂತಿಯವನು ಕೈ ಬೀಸಿದ. ನಾನು ಹೆದರಿಕೊಂಡು ಎಮ್ಮೆ ಬಿಟ್ಟು ಓಡಿಬಂದೆ. ನಮ್ಮಪ್ಪ ಹೊಡೆದರು."

ಎಂಬತ್ತು ವರ್ಷಗಳಿಂದ ಹೇಳುತ್ತ ಬಂದ ಕಥೆಯಲ್ಲಿ ಈ ಮನುಷ್ಯ ಒಂದು ಸಲವೂ ಬಂದಿರಲಿಲ್ಲ. ಅಲ್ಲಿ ನಿಜವಾಗಿ ಎರಡು ಪಕ್ಕಕ್ಕೂ ಕಾವಲುಗಾರ ಕುಳಿತು ನೋಡುವ ಪಾರದರ್ಶಕ ಗುಮ್ಮಟಗಳಿದ್ದವು. ಕ್ಯಾಟಲೀನಾದ ಗುರುತೇ ಅದು. "ಕೈ ಹೇಗೆ ಬೀಸಿದನಮ್ಮ?" ಎಂದೆ. ಬಲಗೈ ಎತ್ತಿ ತೋರಿಸಿದರು.

ಈಗ ಆ ಗುಮ್ಮಟಗಳ ಪಕ್ಕೆಲುಬಿನಂಥ ಚೌಕಟ್ಟನ್ನು ಬಾಗಿಸಬೇಕು. ಅರ್ಧ ಮಿಲಿಮೀಟರಿನ ತಂತಿಯಾದರೆ ಸರಿ. ಒಳಗೆ ಕೂರುವವನನ್ನು ತವರದಲ್ಲಿ ಎರಕ ಹೊಯ್ಯಬಹುದು, ಬಲಗೈ ಎತ್ತಿದವನು. ತಂತಿಯನ್ನು ಆಚಾರ್ರ ಕಂಬಚ್ಚಿನಲ್ಲಿ ಎಳೆಸಿಕೊಂಡು ಬರಬೇಕು. ಈ ವಾರವೇ ಹೋಗಬೇಕು; ತಿಂಗಳ ಕೊನೆಗೆ ಅವರು ಅಂಗಡಿ ಮುಚ್ಚಿ ಮಗನ ಮನೆಗೆ ಹೊರಟಿದ್ದಾರೆ.